ಚಿಕ್ಕಣ್ಣನ ಮಂಗಳವಾರದ ಊಟ

ಮೈಸೂರಿನ ಶ್ರೀರಾಂಪುರದಲ್ಲಿ ಇಳಿದು ಬಾಡೂಟದ ಚಿಕ್ಕಣ್ಣನ ಮನೆ ಎಲ್ಲಿ ಎಂದು ಕೇಳಿದರೆ ಆಟೋದವರೇ ಬಾಗಿಲಿಗೆ ತಂದು ಬಿಡುತ್ತಾರೆ. ಅವನಿಗೆ ಈಗ ಐವತ್ತೇಳು. ತಿ. ನರಸೀಪುರದ ಕಡೆಯ ಹಳ್ಳಿಯೊಂದರಿಂದ ಇಪ್ಪತ್ತರ ವಯಸ್ಸಿಗೆ ಮೈಸೂರಿಗೆ ಬಂದವನು. ಹಿರಿಯ ಅಡುಗೆಯವರೊಬ್ಬರ ಕೈಕೆಳಗೆ ಆರು ವರ್ಷ ಈರುಳ್ಳಿ ಹೆಚ್ಚಿ, ಮಸಾಲೆ ಹುರಿದು, ಕೊನೆಗೆ ತಾನೇ ಸೌಟು ಹಿಡಿದ. ಬೀಗರ ಔತಣವಿರಲಿ, ಹರಕೆಯ ಪರದ ಊಟವಿರಲಿ, ಸಾವಿರ ಜನಕ್ಕೆ ಮಟನ್ ಸಾರು, ಮುದ್ದೆ, ಬೋಟಿ ಗೊಜ್ಜು ಮಾಡಿ ಬಡಿಸಬೇಕೆಂದರೆ ಸುತ್ತಲ ಜನ ಮೊದಲು ನೆನೆಯುತ್ತಿದ್ದುದು ಅವನನ್ನೇ.

ಅದಕ್ಕೆ ಕಾರಣ ಅವನ ಮೂಗು. ಸಾಮಿಯಾನದ ಆ ತುದಿಯಲ್ಲಿ ಯಾರಾದರೂ ಧನಿಯ ಹುರಿಯುತ್ತಿದ್ದರೆ, ಈ ತುದಿಯಲ್ಲಿ ಮಾಂಸ ತೊಳೆಯುತ್ತಿದ್ದ ಚಿಕ್ಕಣ್ಣ ತಲೆಯೆತ್ತದೆ, "ಇಳಿಸ್ರೋ, ಸೀದೋಯ್ತದೆ" ಎಂದು ಕೂಗುತ್ತಿದ್ದ. ಹೋಗಿ ನೋಡಿದರೆ ಧನಿಯ ಆಗಷ್ಟೇ ಬಣ್ಣ ತಿರುಗುತ್ತಿರುತ್ತಿತ್ತು. ಸಾರಿಗೆ ಉಪ್ಪು ಬಿದ್ದಿದೆಯೇ ಇಲ್ಲವೇ ಎಂಬುದನ್ನೂ ಅವನು ಹಬೆಯಲ್ಲೇ ಹೇಳುತ್ತಾನೆ ಎಂದು ಕೆಲಸದವರು ಮಾತಾಡಿಕೊಳ್ಳುತ್ತಿದ್ದರು. ಅದು ಸುಳ್ಳು. ಆದರೂ ಚಿಕ್ಕಣ್ಣ ಅಲ್ಲವೆನ್ನುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ಮದುವೆಗಳಿಲ್ಲದ ಆಷಾಢದಲ್ಲಿ, ಅವನಿಗೆ ಜ್ವರ ಬಂತು. ಅಂಥ ದೊಡ್ಡ ಜ್ವರವೇನಲ್ಲ. ಐದನೆಯ ದಿನ ಬೆಳಿಗ್ಗೆ ಬೆವರು ಬಂದು ಇಳಿಯಿತು. ಹೆಂಡತಿ ಪುಟ್ಟತಾಯಮ್ಮ ಕಾಫಿ ತಂದುಕೊಟ್ಟಳು. ಒಂದು ಗುಟುಕು ಕುಡಿದವನಿಗೆ ಬರೀ ಬಿಸಿನೀರು ಕುಡಿದ ಹಾಗಾಯಿತು. ಡಿಕಾಕ್ಷನ್ ಹಾಕೋದು ಮರೆತೆಯಾ ಎಂದು ಕೇಳಲು ಬಾಯಿ ತೆರೆದವನು, ಲೋಟದೊಳಗಿನ ಬಣ್ಣ ನೋಡಿ ಸುಮ್ಮನಾದ.

ಅವಳು ತರಕಾರಿಗೆಂದು ಹೊರಗೆ ಹೋದ ಕೂಡಲೇ ಅಡುಗೆಮನೆಗೆ ನುಗ್ಗಿ ಒಂದೊಂದೇ ಡಬ್ಬಿ ತೆರೆದ. ಲವಂಗ, ಚಕ್ಕೆ, ಮೆಂತ್ಯ, ಇಂಗು. ಏನೂ ಇಲ್ಲ. ಬಾಣಲೆ ಇಟ್ಟು ಒಣಮೆಣಸಿನಕಾಯಿ ಹುರಿದ. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು, ವಾಸನೆ ಮಾತ್ರ ಬರಲಿಲ್ಲ. ಚಿಟಿಕೆ ಉಪ್ಪನ್ನು ನಾಲಿಗೆಯ ಮೇಲಿಟ್ಟುಕೊಂಡ. ಮರಳು ಇಟ್ಟುಕೊಂಡ ಹಾಗಿತ್ತು.

ಕಿವಿ ಮೂಗಿನ ಡಾಕ್ಟರೊಬ್ಬರು ಪರೀಕ್ಷೆ ಮಾಡಿ, "ಬರಬಹುದು, ಬರದೇನೂ ಇರಬಹುದು. ದಿನಾ ಲವಂಗ, ನಿಂಬೆಹಣ್ಣು ಮೂಸಿ ನೋಡ್ತಾ ಇರಿ" ಎಂದರು. ಚಿಕ್ಕಣ್ಣ ಪ್ರತಿದಿನ ಬೆಳಿಗ್ಗೆ ತಾರಸಿಗೆ ಹೋಗಿ, ನೀರಿನ ತೊಟ್ಟಿಯ ಮರೆಯಲ್ಲಿ ನಿಂತು, ಹೆಚ್ಚಿದ ನಿಂಬೆಹಣ್ಣನ್ನು ಮೂಗಿಗೆ ಹಿಡಿದುಕೊಂಡ. ಒಂದು ವರ್ಷ ಹಿಡಿದ. ಆಮೇಲೆ ಬಿಟ್ಟುಬಿಟ್ಟ.

ಯಾರಿಗೂ ಹೇಳಲಿಲ್ಲ. ರುಚಿ ಗೊತ್ತಾಗದ ಅಡುಗೆಯವನ ಕೈಗೆ ಮಗಳ ಮದುವೆಯ ಕೊಪ್ಪರಿಗೆಯನ್ನು ಯಾರು ಕೊಡುತ್ತಾರೆ? ಅಳತೆಗಳು ಕೈಯಲ್ಲಿದ್ದವು. ಇಷ್ಟು ಮಾಂಸಕ್ಕೆ ಇಷ್ಟು ಖಾರ, ಇಷ್ಟು ಗಸಗಸೆ ಎನ್ನುವುದು ಮೂವತ್ತು ವರ್ಷದಲ್ಲಿ ಬೆರಳಿಗೆ ಕೂತಿತ್ತು. ಕೊನೆಯ ಹದಕ್ಕೆ ಸಿದ್ದು ಇದ್ದ. ಸಿದ್ದು ಹದಿನೈದು ವರ್ಷದಿಂದ ಜೊತೆಗಿದ್ದ ಎರಡನೇ ಅಡುಗೆಯವನು, ಮಕ್ಕಳೊಂದಿಗ. "ನೀನೇ ನೋಡಿ ಹೇಳೋ ಸಿದ್ದು, ನಾಳೆ ನೀನೇ ಮಾಡ್ಬೇಕಾದೋನು" ಎಂದು ಚಿಕ್ಕಣ್ಣ ಸೌಟನ್ನು ಅವನತ್ತ ಚಾಚುತ್ತಿದ್ದ. ಅಣ್ಣ ಕೆಲಸ ಬಿಟ್ಟುಕೊಡಲು ತನ್ನನ್ನು ತಯಾರು ಮಾಡುತ್ತಿದ್ದಾರೆ ಎಂದುಕೊಂಡು ಸಿದ್ದು ಹಿಗ್ಗುತ್ತಿದ್ದ.

ಕೆಲಸದ ಜಾಗದಲ್ಲಿ ಹೇಗೋ ನಡೆಯಿತು. ಕಷ್ಟವಾದದ್ದು ಮನೆಯಲ್ಲಿ. ಮಗಳು ಮದುವೆಯಾಗಿ ಮಳವಳ್ಳಿಯಲ್ಲಿದ್ದಳು, ಮನೆಯಲ್ಲಿ ಇಬ್ಬರೇ. ಮೊದಲೆಲ್ಲ ತಟ್ಟೆಯ ಮುಂದೆ ಕೂತರೆ ಚಿಕ್ಕಣ್ಣನ ಬಾಯಿ ನಿಲ್ಲುತ್ತಿರಲಿಲ್ಲ. ಹುಳಿ ಮುಂದಾಯಿತು, ಒಗ್ಗರಣೆ ಹಿಂದಾಯಿತು, ಈ ಸಲದ ಅವರೆಕಾಯಿಗೆ ಸೊಗಡೇ ಇಲ್ಲ. ಪುಟ್ಟತಾಯಮ್ಮನೂ ಬಿಡುತ್ತಿರಲಿಲ್ಲ, ಜಗಳವಾಡುತ್ತಲೇ ಇನ್ನೊಂದು ಸೌಟು ಬಡಿಸುತ್ತಿದ್ದಳು. ಈಗ ಅವನು ತಲೆತಗ್ಗಿಸಿ ಉಂಡು, ಕೈತೊಳೆದು, ಎದ್ದುಹೋಗುತ್ತಿದ್ದ. ಏನು ತಿಂದರೂ ಒದ್ದೆ ಕಾಗದ ಅಗಿದಂತೆ. ಅಂಗಿಗಳು ಸಡಿಲವಾದವು. ಏನಾದರೂ ಹೇಳೋಣವೆಂದರೆ ಸುಳ್ಳು ಹೇಳಬೇಕು. ಅಡುಗೆಯ ವಿಷಯದಲ್ಲಿ ಅವನು ಅವಳಿಗೆ ಎಂದೂ ಸುಳ್ಳು ಹೇಳಿದವನಲ್ಲ. ಕೆಲವು ತಿಂಗಳಲ್ಲಿ ಅವಳೂ ಕೇಳುವುದನ್ನು ನಿಲ್ಲಿಸಿದಳು. ಊಟದ ಹೊತ್ತಿಗೆ ಟೀವಿಯ ಸದ್ದು ಜೋರಾಯಿತು.

ಹೀಗಿರುವಾಗ ಹೋದ ವರ್ಷ ಶಿವಪ್ರಕಾಶ್ ಫೋನ್ ಮಾಡಿದರು. ಕೃಷ್ಣಮೂರ್ತಿಪುರಂನಲ್ಲಿ ಮನೆ, ಕಟ್ಟಡ ಕಟ್ಟಿಸುವ ಕೆಲಸ. ಅವರ ಮನೆಯ ಮೂರು ಸಮಾರಂಭಗಳಿಗೆ ಚಿಕ್ಕಣ್ಣನೇ ಅಡುಗೆ ಮಾಡಿದ್ದ. ಈಗ ಕೊನೆಯ ಮಗಳು ಬಿಂದುವಿನ ಮದುವೆ.

"ಚಿಕ್ಕಣ್ಣ, ಬೀಗರ ಊಟ ನಿಮ್ದೇ, ಅದರಲ್ಲಿ ಮಾತಿಲ್ಲ. ಆದ್ರೆ ಮಗಳು ಅದೇನೋ ಚೈನೀಸ್ ಡಿಮ್ ಸಮ್ ಅಂತೆ, ಅದೂ ಇರ್ಲಿ ಅಂತಾಳೆ. ರಿಂಗ್ ರೋಡ್ ಕಡೆ ಹೊಸ ಹೋಟೆಲಲ್ಲಿ ಚೆನ್ನಾಗಿ ಮಾಡ್ತಾರಂತೆ. ಮಧ್ಯಾಹ್ನ ಊಟಕ್ಕೆ ಬನ್ನಿ. ನೀವು ನಾಲಿಗೆ ಮೇಲಿಟ್ಟು ಹೇಳ್ಬಿಡಿ, ನಮ್ಮ ಜನಕ್ಕೆ ಹಿಡಿಸುತ್ತೋ ಇಲ್ವೋ ಅಂತ."

ಬೇರೆ ಏನಾದರೂ ಕೆಲಸ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಹೊಳೆಯಲಿಲ್ಲ. ಹೋದ.

ಆರನೆಯ ಮಹಡಿಯಲ್ಲಿತ್ತು ಆ ಜಾಗ, ಹೆಸರು ಸಿಲ್ವರ್ ಕ್ರೇನ್. ಕಿಟಕಿಯಾಚೆ ಚಾಮುಂಡಿ ಬೆಟ್ಟ ಇಡಿಯಾಗಿ ಕಾಣುತ್ತಿತ್ತು. ಚಿಕ್ಕಣ್ಣ ಇಡೀ ಆಯುಷ್ಯ ಅನ್ನ ಬಡಿಸಿದ್ದು ಗದ್ದಲದ ನಡುವೆ. ಸಾರು ಸಾರು ಎಂಬ ಕೂಗು, ಬಕೆಟ್ಟಿನ ಸದ್ದು, ಎಲೆಯ ಹಿಂದೆಯೇ ನಿಂತು ಕಾಯುವ ಮುಂದಿನ ಪಂಕ್ತಿ. ಇಲ್ಲಿ ಜನ ಪಿಸುಮಾತಿನಲ್ಲಿ ಉಣ್ಣುತ್ತಿದ್ದರು. ಕುರ್ಚಿ ಎಳೆದರೂ ಶಬ್ದವಾಗದ ಹಾಗೆ ನೆಲಕ್ಕೆ ದಪ್ಪ ಜಮಖಾನ ಹಾಸಿದ್ದರು. ಎದೆಯ ಮೇಲೆ ಸುಮಾ ಎಂದು ಹೆಸರಿನ ಪಟ್ಟಿ ಹಾಕಿಕೊಂಡಿದ್ದ ಹುಡುಗಿ ಬಂದು, ಕೈ ಒರೆಸಿಕೊಳ್ಳಲು ಬಿಸಿ ಬಟ್ಟೆಯ ಸುರುಳಿ ಕೊಟ್ಟಳು.

"ಡಿಮ್ ಸಮ್ ಅಂದ್ರೆ ಒಂದು ತಿಂಡಿ ಅಲ್ಲ ಅಂಕಲ್," ಬಿಂದು ವಿವರಿಸಿದಳು. "ಚಿಕ್ಕ ಚಿಕ್ಕ ಬುಟ್ಟೀಲಿ ಮೂರೋ ನಾಲ್ಕೋ ಇರುತ್ತೆ. ಹಬೇಲಿ ಬೇಯಿಸೋದು ಜಾಸ್ತಿ. ನಮ್ ಕಡುಬಿನ ಥರ ಅಂದ್ಕೊಳಿ."

ಬಿದಿರಿನ ಬುಟ್ಟಿಗಳು ಒಂದರ ಮೇಲೊಂದು ಬಂದವು. ಸುಮಾ ಮುಚ್ಚಳ ತೆಗೆದಾಗ ಹಬೆ ಎದ್ದಿತು. ಅಭ್ಯಾಸಬಲದಿಂದ ಚಿಕ್ಕಣ್ಣ ಮುಖ ಬಗ್ಗಿಸಿದ. ಕೆನ್ನೆಗೆ ಬಿಸಿ ತಾಗಿತು, ಅಷ್ಟೇ.

ಮೊದಲನೆಯದು ಸಿಗಡಿಯದು. ಹೊದಿಕೆ ಎಷ್ಟು ತೆಳುವೆಂದರೆ ಒಳಗಿನ ಕೆಂಪು ಬಣ್ಣ ಹೊರಗೆ ಕಾಣುತ್ತಿತ್ತು. ಒಂದು ಅಂಚಿಗೆ ಹನ್ನೆರಡೋ ಹದಿಮೂರೋ ನೆರಿಗೆ. ತಿನ್ನಲು ಇಟ್ಟಿದ್ದ ಜೋಡಿ ಕಡ್ಡಿಗಳ ಗೊಡವೆಗೆ ಹೋಗದೆ ಚಮಚದಲ್ಲಿ ಎತ್ತಿ ಬಾಯಿಗಿಟ್ಟ. ಹೊದಿಕೆ ನಾಲಿಗೆಯ ಮೇಲೆ ರೇಷ್ಮೆಯಂತೆ ಜಾರಿತು. ಹಲ್ಲಿಗೆ ಒಂಚೂರು ಅಂಟಿ, ಎಳೆದು, ಬಿಟ್ಟುಕೊಟ್ಟಿತು. ಅದರೊಳಗೆ ಸಿಗಡಿ ಪಟ್ಟನೆ ಮುರಿಯಿತು. ಅದರಾಚೆ ಇನ್ನೇನೋ ಗೆಡ್ಡೆಯ ಚೂರು ಕರುಕುರು ಎಂದಿತು.

ಚಿಕ್ಕಣ್ಣ ಅಗಿಯುವುದನ್ನು ನಿಲ್ಲಿಸಿದ. ಮತ್ತೆ ನಿಧಾನವಾಗಿ ಅಗಿದ.

ಎರಡನೆಯದು ಒಳಗೆ ಬಿಸಿ ರಸ ತುಂಬಿಕೊಂಡದ್ದು. ಕಚ್ಚಿದರೆ ಬಾಯಿ ತುಂಬ ಒಡೆಯಿತು. ಮೂರನೆಯದು ಅಕ್ಕಿಹಿಟ್ಟಿನ ಸುರುಳಿ, ನೀರುದೋಸೆಗಿಂತ ಮೆತ್ತಗೆ. ಆಮೇಲೆ ಹೊರಗೆ ಗರಿಗರಿ, ಒಳಗೆ ಬೆಣ್ಣೆಯಂಥ ಮೂಲಂಗಿಯ ಬಿಲ್ಲೆ. ಕೊನೆಗೆ ಕೋಳಿಯ ಕಾಲು, ಚರ್ಮ ಮೂಳೆಯಿಂದ ತಾನಾಗಿ ಕಳಚುವಷ್ಟು ಬೆಂದದ್ದು. ಒಂದರಲ್ಲೂ ರುಚಿಯಿಲ್ಲ. ಆದರೂ ಒಂದೊಂದೂ ಬಾಯೊಳಗೆ ಒಂದೊಂದು ಬಗೆಯಲ್ಲಿ ನಡೆದುಕೊಳ್ಳುತ್ತಿತ್ತು. ಎರಡು ವರ್ಷದ ಮೇಲೆ ಮೊದಲ ಬಾರಿಗೆ ಅವನಿಗೆ ತಾನು ತಿನ್ನುತ್ತಿದ್ದೇನೆ ಅನ್ನಿಸಿತು. ಕಣ್ಣು ತುಂಬಿ ಬಂದವು.

"ಖಾರ ಆಯ್ತಾ ಅಂಕಲ್?" ಬಿಂದು ಕೇಳಿದಳು.

"ಹೂಂ ಕಣಮ್ಮ, ಒಂಚೂರು."

"ಹೇಳಿ ಚಿಕ್ಕಣ್ಣ, ಹೇಗಿದೆ?" ಶಿವಪ್ರಕಾಶ್ ಮುಂದಕ್ಕೆ ಬಾಗಿದರು.

ಚಿಕ್ಕಣ್ಣ ಹೇಳಿದ. ಹೊದಿಕೆಯ ಹಿಟ್ಟನ್ನು ಕುದಿನೀರಲ್ಲೇ ಕಲಸಿರಬೇಕು, ತಣ್ಣೀರಾದರೆ ಹೀಗೆ ಕನ್ನಡಿಯಾಗುವುದಿಲ್ಲ. ಸಿಗಡಿಯನ್ನು ಐಸ್ ನೀರಲ್ಲಿ ಇಟ್ಟು ತೆಗೆದಿದ್ದಾರೆ, ಅದಕ್ಕೇ ಆ ಪಟ್ಟನೆ ಮುರಿಯುವ ಗುಣ. ಹಬೆಯಿಂದ ಇಳಿಸಿದ ಐದು ನಿಮಿಷದೊಳಗೆ ತಿನ್ನಬೇಕು, ಹತ್ತು ನಿಮಿಷವಾದರೆ ರಬ್ಬರು. "ಎಂಟುನೂರು ಜನಕ್ಕೆ ಪಂಕ್ತೀಲಿ ಬಡಿಸೋ ಪದಾರ್ಥ ಅಲ್ಲ ಸಾರ್ ಇದು. ಇವರಿಗೇ ಹೇಳಿ ಒಂದು ಮೂಲೇಲಿ ಒಲೆ ಹಾಕಿಸ್ಬುಡಿ. ಬೇಕಾದೋರು ನಿಂತ್ಕೊಂಡು ಬಿಸಿಬಿಸಿ ತಿನ್ಲಿ. ಬಾಡು ನಾನು ನೋಡ್ಕೋತೀನಿ."

ಶಿವಪ್ರಕಾಶ್ ಮಗಳ ಕಡೆ ತಿರುಗಿ, "ನೋಡಿದ್ಯಾ? ಒಂದು ಸಲ ತಿಂದು ಒಳಗಿಂದೆಲ್ಲ ಹೇಳ್ಬಿಟ್ರು" ಎಂದರು.

ಆಗ ಚಹಾ ಬಂತು. ಗಾಜಿನ ಕೆಟಲಿನಲ್ಲಿ ತಿಳಿ ಹಳದಿ ನೀರು. ಬಿಂದು ಬಟ್ಟಲನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. "ಅಬ್ಬಾ! ಅಂಕಲ್, ಇದರಲ್ಲಿ ಒಂದು ಹೂವು ಹಾಕಿದ್ದಾರೆ. ಯಾವುದು ಹೇಳಿ ನೋಡೋಣ."

ಚಿಕ್ಕಣ್ಣ ಬಟ್ಟಲನ್ನು ಎತ್ತಿದ. ಮೂಸಿದ ಹಾಗೆ ಮಾಡಿದ. ನೀರಿನ ಬಣ್ಣ ನೋಡಿದ. "ಸೇವಂತಿಗೆ" ಎಂದ.

ತಂದೆ ಮಗಳಿಬ್ಬರೂ ನಕ್ಕರು. "ಮೈಸೂರಲ್ಲಿದ್ಕೊಂಡು ಮಲ್ಲಿಗೆ ಗೊತ್ತಾಗಲಿಲ್ವೇನ್ರೀ!" ಎಂದರು ಶಿವಪ್ರಕಾಶ್. ತಮಾಷೆಗೆ ಹೇಳಿದನೆಂದುಕೊಂಡರು. ಚಿಕ್ಕಣ್ಣನೂ ನಕ್ಕ. ಬಿಂದು ಮಾತ್ರ ನಗು ನಿಲ್ಲಿಸಿ ಒಂದು ಗಳಿಗೆ ಅವನ ಮುಖವನ್ನೇ ನೋಡಿದಳು. ಅವನು ಬಟ್ಟಲನ್ನು ಗಟಗಟನೆ ಕುಡಿದು ಕೆಳಗಿಟ್ಟ. ನಾಲಿಗೆ ಸುಟ್ಟಿತು.

ಮುಂದಿನ ಮಂಗಳವಾರ ಅವನು ಒಬ್ಬನೇ ಅಲ್ಲಿಗೆ ಹೋದ. ಅಡುಗೆ ಹೇಳಲು ಕರೆದ ಪಾರ್ಟಿಯೊಬ್ಬರನ್ನು ನೋಡಬೇಕು ಎಂದು ಮನೆಯಲ್ಲಿ ಹೇಳಿದ್ದ. ಲಿಫ್ಟಿನ ಕನ್ನಡಿಯಲ್ಲಿ ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ತಲೆ ಕಂಡು ನಾಚಿಕೆಯಾಯಿತು.

"ಒಬ್ರೇನಾ ಸಾರ್?" ಸುಮಾ ಕೇಳಿದಳು.

"ಒಬ್ನೇ ಕಣಮ್ಮ."

ಅವಳು ಕಿಟಕಿಯ ಪಕ್ಕದ ಮೇಜು ತೋರಿಸಿದಳು. ನಾಲ್ಕು ಜನರಿಗೆ ತಟ್ಟೆ, ಬಟ್ಟಲು, ಕಡ್ಡಿ ಜೋಡಿಸಿಟ್ಟಿದ್ದರು. ಮೂರು ಜನರದ್ದನ್ನು ಒಂದೊಂದಾಗಿ ಎತ್ತಿ, ಸದ್ದಾಗದಂತೆ ತಟ್ಟೆಯ ಮೇಲೆ ತಟ್ಟೆಯಿಟ್ಟು, ಒಳಗೆ ತೆಗೆದುಕೊಂಡು ಹೋದಳು. ಅದು ಮುಗಿಯುವವರೆಗೂ ಚಿಕ್ಕಣ್ಣ ಬೆಟ್ಟದ ಕಡೆ ನೋಡುತ್ತ ಕೂತಿದ್ದ.

ಎರಡೇ ಬುಟ್ಟಿ ತರಿಸಿದ. ದುಬಾರಿಯ ಜಾಗ, ಅದು ಅವನಿಗೂ ಗೊತ್ತು. ಹಾಗಾಗಿ ಪ್ರತಿ ವಾರ ಹೋಗುತ್ತಿರಲಿಲ್ಲ, ಆದರೆ ಹೋದಾಗಲೆಲ್ಲ ಮಂಗಳವಾರವೇ. ಅಂದು ಅಲ್ಲಿ ಜನ ಕಡಿಮೆ. ಅತ್ತ ಒಂದು ಕುಟುಂಬ ಕೂತಿರುತ್ತಿತ್ತು, ಇತ್ತ ಇಬ್ಬರು ಗೆಳತಿಯರು. ಒಬ್ಬರ ಬುಟ್ಟಿಯಿಂದ ಇನ್ನೊಬ್ಬರ ತಟ್ಟೆಗೆ ಹಾಕುವುದು, ಇದು ತಿನ್ನು, ಅದು ನೋಡು ಎನ್ನುವುದು. ಚಿಕ್ಕಣ್ಣ ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದ. ಒಂದು ಸಲ ಸುಮಾ ಬಂದು ಹೇಗಿದೆ ಎಂದು ಕೇಳಿದಾಗ, "ಇವತ್ತು ಹಬೇಲಿ ಒಂದು ನಿಮಿಷ ಜಾಸ್ತಿ ಬಿಟ್ಬುಟ್ಟವ್ರೆ" ಎಂದ. ಅವಳು ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, "ಹೌದಂತೆ ಸಾರ್, ಹೊಸಬರು ಇದ್ರಂತೆ" ಎಂದಳು. ಆ ದಿನ ಮನೆಗೆ ಹೋಗುವವರೆಗೂ ಅವನ ಎದೆ ಉಬ್ಬಿತ್ತು. ಆದರೆ ಮನೆಯಲ್ಲಿ ಅದನ್ನು ಯಾರಿಗೆ ಹೇಳುವುದು?

ಬಿಂದುವಿನ ಮದುವೆ ಮಾಘದಲ್ಲಿ ಆಯಿತು. ಎರಡು ದಿನ ಬಿಟ್ಟು ನಂಜನಗೂಡು ರಸ್ತೆಯ ಕಲ್ಯಾಣ ಮಂಟಪದಲ್ಲಿ ಬೀಗರ ಔತಣ. ಬೆಳಿಗ್ಗೆ ಏಳಕ್ಕೆ ಒಲೆ ಹೊತ್ತಿಸಿದ್ದರು. ಎಂಟರ ಹೊತ್ತಿಗೆ ಸಿದ್ದು ಓಡಿ ಬಂದ. ಚಾಮರಾಜನಗರದಲ್ಲಿ ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು.

"ಹೋಗು, ನಿಂತ್ಕೋಬೇಡ" ಎಂದ ಚಿಕ್ಕಣ್ಣ. ಸಿದ್ದುವಿನ ಬೈಕು ಗೇಟು ದಾಟಿದ ಮೇಲೆ ತಾನೇ ಒಲೆಯ ಬಳಿಗೆ ಬಂದ.

ಎರಡು ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತಿತ್ತು. ಈ ಸಲ ಹೊಸ ಅಂಗಡಿಯ ಖಾರದಪುಡಿ, ಅದರ ಗುಣ ಗೊತ್ತಿಲ್ಲ. ಮಿಕ್ಕ ಕೆಲಸದವರಲ್ಲಿ ಯಾರನ್ನಾದರೂ ರುಚಿ ನೋಡಲು ಹೇಳಬಹುದಿತ್ತು. ಆದರೆ ಅವರ ಮುಂದೆ ತಾನು ಒಂದು ಸಲವೂ ನಾಲಿಗೆಗೆ ಹಚ್ಚಿಕೊಳ್ಳದೆ ಇದ್ದರೆ, ಸಂಜೆಯೊಳಗೆ ಆ ಮಾತು ಅಗ್ರಹಾರದ ಮಸಾಲೆ ಅಂಗಡಿಗಳವರೆಗೂ ಹೋಗುತ್ತಿತ್ತು. ಅವನು ಸೌಟಿನಲ್ಲಿ ಸಾರು ಎತ್ತಿದ, ಅಂಗೈಗೆ ಹಾಕಿಕೊಂಡ, ನೆಕ್ಕಿದ. ಬಿಸಿ. ಒಂದಿಷ್ಟು ಉರಿ. ಮತ್ತೇನೂ ಇಲ್ಲ. ಎಂಟುನೂರು ಜನ ಹನ್ನೆರಡೂವರೆಗೆ ಎಲೆಯ ಮುಂದೆ ಕೂರುತ್ತಾರೆ.

ಮಂಟಪದ ಹಿಂದಿನ ತೆಂಗಿನ ಮರದ ಬಳಿ ಹೋಗಿ ಮನೆಗೆ ಫೋನ್ ಮಾಡಿದ.

"ಪುಟ್ಟತಾಯಿ, ಒಂದು ಆಟೋ ಹಿಡ್ಕೊಂಡು ಈಗ್ಲೇ ಬಾ."

"ಏನಾಯ್ತು? ಕೈಗಿಯ್ ಸುಟ್ಕೊಂಡ್ರಾ?"

"ಏನೂ ಇಲ್ಲ. ಬಾ."

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಅವಳನ್ನು ಕೆಲಸದ ಜಾಗಕ್ಕೆ ಕರೆದದ್ದಿಲ್ಲ. ಅವಳು ಮನೆಯಲ್ಲಿ ಉಡುವ ಸೀರೆಯಲ್ಲೇ, ಚಪ್ಪಲಿ ಅದಲುಬದಲಾಗಿ ಹಾಕಿಕೊಂಡು ಬಂದಳು. ಅವನು ಒಂದು ಬಟ್ಟಲಲ್ಲಿ ಸಾರು ತಂದು ಮರದ ಕೆಳಗೆ ಅವಳ ಕೈಗೆ ಕೊಟ್ಟ.

"ಉಪ್ಪು ನೋಡು."

"ನಾನಾ? ನೀವು ನೋಡಿಲ್ವಾ?"

"ನಂಗೆ ಗೊತ್ತಾಗಕಿಲ್ಲ."

ಅವಳು ಬಟ್ಟಲು ಹಿಡಿದುಕೊಂಡೇ ನಿಂತಳು. "ಗೊತ್ತಾಗಕಿಲ್ಲ ಅಂದ್ರೆ?"

"ಆ ಆಷಾಢದಲ್ಲಿ ಜ್ವರ ಬಂದಿತ್ತಲ್ಲ. ಅವತ್ತಿಂದ ಬಾಯಿಗೆ ಏನೂ ಗೊತ್ತಾಗಲ್ಲ ಪುಟ್ಟತಾಯಿ. ವಾಸ್ನೇನೂ ಇಲ್ಲ, ರುಚೀನೂ ಇಲ್ಲ."

ಒಳಗೆ ಯಾರೋ ಸೌಟು ಎಲ್ಲಿ ಎಂದು ಕೂಗುತ್ತಿದ್ದರು. ಪುಟ್ಟತಾಯಮ್ಮನ ಕಣ್ಣು ಕೆಂಪಾದವು. ಅಳುತ್ತಾಳೆ ಎಂದುಕೊಂಡ. ಅವಳು ಅಳಲಿಲ್ಲ.

"ಹೋದ್ ಯುಗಾದಿ ಆದ್ಮೇಲೆ ಒಂದಿನ ಬೇಕೂಂತ ಉಪ್ಪೇ ಹಾಕ್ದೆ ಸಾರು ಇಕ್ಕಿದ್ದೆ," ಎಂದಳು. "ಈಗ್ಲಾದ್ರೂ ಬೈತಾರೇನೋ ನೋಡಣ ಅಂತ. ಸುಮ್ನೆ ಉಂಡು ಎದ್ದೋದ್ರಿ. ಅವತ್ತು ಬಚ್ಚಲಲ್ಲಿ ಕೂತ್ಕೊಂಡು ಎಷ್ಟು ಅತ್ತೆ ಗೊತ್ತಾ? ನನ್ ಕೈ ಅಡುಗೇನೂ ಬ್ಯಾಡ, ನಾನೂ ಬ್ಯಾಡ ಅಂತ ಆಗೋಗದೆ ಇವರಿಗೆ ಅಂದ್ಕೊಂಡೆ. ಅವತ್ತಿಂದ ಹಂಗೇ ಅಂದ್ಕೊಂಡೇ ಇವ್ನಿ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಬಟ್ಟಲಲ್ಲಿ ಬೆರಳದ್ದಿ ಬಾಯಿಗಿಟ್ಟುಕೊಂಡಳು.

"ಉಪ್ಪು ಕಮ್ಮಿ. ಖಾರ ಮುಂದಾಗದೆ. ಇನ್ನೊಂದಿಷ್ಟು ಕಾಯಿ ಅರ್ದು ಹಾಕ್ಸಿ" ಎಂದು ಅವನನ್ನು ದಾಟಿಕೊಂಡು ಒಲೆಯ ಹತ್ತಿರ ನಡೆದಳು. ಅಂದು ಊಟ ಮುಗಿಯುವವರೆಗೂ ಅಲ್ಲೇ ನಿಂತಿದ್ದಳು. ಕೆಲಸದವರು ಅಮ್ಮಾವ್ರು ಊಟಕ್ಕೆ ಬಂದಿರಬೇಕು ಎಂದುಕೊಂಡರು. ಸಾರು ಚೆನ್ನಾಗಿತ್ತು. ಬೀಗರ ಕಡೆಯವರು ಎರಡೆರಡು ಸಲ ಬಡಿಸಿಕೊಂಡರು. ಮೂಲೆಯಲ್ಲಿ ಸಿಲ್ವರ್ ಕ್ರೇನ್‌ನವರ ಬಿದಿರಿನ ಬುಟ್ಟಿಗಳ ಮುಂದೆ ಹುಡುಗಿಯರ ಸಾಲು ಬೆಳೆದಿತ್ತು. ಶಿವಪ್ರಕಾಶ್ ಬಂದು ಚಿಕ್ಕಣ್ಣನ ಎರಡೂ ಕೈ ಹಿಡಿದುಕೊಂಡರು.

ಇಬ್ಬರೂ ಪಾತ್ರೆಗಳ ವ್ಯಾನಿನಲ್ಲೇ ವಾಪಸು ಬಂದರು. ಮನೆಗೆ ಬಂದು ಕಾಲು ತೊಳೆದ ಮೇಲೆ ಅವನೇ ಉಳಿದದ್ದನ್ನೂ ಹೇಳಿದ. ತಾರಸಿಯ ನಿಂಬೆಹಣ್ಣು, ಮಂಗಳವಾರದ ಪಾರ್ಟಿಯ ಸುಳ್ಳು, ಸಿಲ್ವರ್ ಕ್ರೇನ್‌ನ ಬುಟ್ಟಿಗಳು.

"ಅಲ್ಲಿಗೆ ಒಬ್ರೇ ಹೋಗಿ ಕೂತ್ಕೋತಿದ್ರಾ?" ಎಂದು ಕೇಳಿದಳು. ಸಿಟ್ಟು ಆರಿತ್ತು. "ಕರ್ಕೊಂಡ್ ಹೋಗಿ ನನ್ನೂ. ಅದೇನದೆ ಅಲ್ಲಿ ನೋಡಣ."

ಮುಂದಿನ ಮಂಗಳವಾರ ಅವಳು ಹಸಿರು ರೇಷ್ಮೆ ಸೀರೆ ಉಟ್ಟು ಬಂದಳು. ಸುಮಾ ಎರಡು ತಟ್ಟೆಗಳನ್ನು ಮಾತ್ರ ಎತ್ತಿಕೊಂಡು ಹೋದಳು. ಚಿಕ್ಕಣ್ಣ ತನಗೆ ಪ್ರಿಯವಾದ ಐದನ್ನೂ ತರಿಸಿದ. ಪುಟ್ಟತಾಯಮ್ಮ ಮೊದಲನೆಯದನ್ನು ಕಚ್ಚಿ, ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಳು.

"ಸಪ್ಪೆ ಅಲ್ವೇನ್ರಿ ಇದು?"

"ಅಗ್ದಾಗ ಪಟ್ ಅಂತಲ್ಲ, ಅದು ಗೊತ್ತಾಯ್ತಾ?"

"ಅಂತು. ಅದಕ್ಕೇನೀಗ?"

ಅವನು ನಕ್ಕ. ಅವಳಿಗೂ ನಗು ಬಂತು. ಆಮೇಲೆ ಅವಳು ಒಂದೊಂದನ್ನೂ ತಿಂದು ಹೇಳತೊಡಗಿದಳು. ಇದರಲ್ಲಿ ಶುಂಠಿ ಇದೆ, ಇದಕ್ಕೆ ಎಳ್ಳೆಣ್ಣೆ ಹಾಕಿದ್ದಾರೆ, ಇದು ಸ್ವಲ್ಪ ಸಿಹಿ, ಬೆಲ್ಲದ ಸಿಹಿಯಲ್ಲ. ಚಿಕ್ಕಣ್ಣ ಗಮನವಿಟ್ಟು ಕೇಳಿದ. ಶುಂಠಿ ಎಂದಾಗ ಶುಂಠಿಯನ್ನು ನೆನೆಯಲು ಯತ್ನಿಸಿದ. ಅದರ ಆಕಾರ ನೆನಪಿಗೆ ಬಂತು, ಸಿಪ್ಪೆಯ ಬಣ್ಣ ಬಂತು, ಅದನ್ನು ಜಜ್ಜುವ ಕಲ್ಲಿನ ಸದ್ದೂ ಬಂತು. ಶುಂಠಿ ಬರಲಿಲ್ಲ. ಅವನು ತಲೆಯಾಡಿಸಿದ. ಅವಳಿಗೆ ಅರ್ಥವಾಯಿತು. ಹೇಳುವುದನ್ನು ಬಿಟ್ಟು, ಕಿಟಕಿಯಾಚೆ ನೋಡುತ್ತ ಚಹಾ ಕುಡಿದಳು.

"ನಂಗೆ ಇಂಥದ್ದು ಒಗ್ಗಕಿಲ್ಲ ಕಣ್ರೀ," ಲಿಫ್ಟಿನಲ್ಲಿ ಇಳಿಯುವಾಗ ಮೆಲ್ಲಗೆ ಹೇಳಿದಳು. "ಬ್ಯಾಸರ ಮಾಡ್ಕೋಬ್ಯಾಡಿ. ನಿಮಗೆ ಹಿಡಿಸ್ತದಲ್ಲ, ನೀವು ಬಂದು ತಿನ್ಕೊಂಡು ಹೋಗಿ. ಸುಳ್ಳು ಹೇಳ್ಬ್ಯಾಡಿ ಅಷ್ಟೇ."

ಸಿದ್ದುವಿನ ತಾಯಿ ಎದ್ದು ಓಡಾಡುವಂತಾದ ಮೇಲೆ ಚಿಕ್ಕಣ್ಣ ಅವನಿಗೂ ಹೇಳಿದ. ಸಿದ್ದು, "ಅದಕ್ಕಾ ಅಣ್ಣ ನನ್ ಕೈಲಿ ನೋಡುಸ್ತಿದ್ದಿದ್ದು?" ಎಂದ. ಅವನ ಮುಖ ಸಣ್ಣದಾಯಿತು. ಆದರೂ ಬಿಟ್ಟು ಹೋಗಲಿಲ್ಲ. ಈಗ ಮುಖ್ಯ ಅಡುಗೆ ಅವನದೇ. ಒಲೆ, ಅಳತೆ, ಬೆಂಕಿಯ ಹದ ಚಿಕ್ಕಣ್ಣನದು. ಊಟಕ್ಕೆ ಕೂತಾಗ ಪುಟ್ಟತಾಯಮ್ಮ ತಾನೇ ಹೇಳುತ್ತಾಳೆ, ಇವತ್ತು ಹುಳಿ ಮುಂದಾಗಿದೆ, ಇವತ್ತು ಒಗ್ಗರಣೆ ಸೀದಿದೆ ಎಂದು. ಅವನು ಹೂಂ ಎನ್ನುತ್ತಾನೆ. ಟೀವಿ ಹಾಕುವುದಿಲ್ಲ.

ತಿಂಗಳಿಗೆ ಒಂದೋ ಎರಡೋ ಮಂಗಳವಾರ ಅವನು ಇಸ್ತ್ರಿ ಅಂಗಿ ಹಾಕಿಕೊಂಡು ಹನ್ನೆರಡಕ್ಕೆ ಹೊರಡುತ್ತಾನೆ. ಎಲ್ಲಿಗೆ ಎಂದು ಅವಳು ಕೇಳುವುದಿಲ್ಲ. ಗೇಟಿನ ಸದ್ದಾದ ಮೇಲೆ ಒಳಗೆ ಹೋಗಿ, ಒಬ್ಬಳಿಗಾಗುವಷ್ಟು ಅಕ್ಕಿ ತೊಳೆದು ಒಲೆಯ ಮೇಲಿಡುತ್ತಾಳೆ.